ಕಿಡಿಯಲ್ಲಿ ಹೂವಿಲ್ಲದ ಕತ್ತರಿ

ರಾಮದುರ್ಗದ ಪೇಟೆಯಲ್ಲಿ ಆಗ ಏಳು ಕ್ಷೌರದಂಗಡಿಗಳಿದ್ದವು. ಏಳಕ್ಕೂ ಸೇರಿ ಇದ್ದದ್ದು ಒಂದೇ ಸಾಣೆ. ಆ ಸಾಣೆಯ ಮುಂದೆ ಕೂತು ಕತ್ತರಿ ಮಸೆಯುವವಳು ಒಬ್ಬ ಹೆಂಗಸು ಅಂದರೆ ಪರವೂರಿನವರು ನಂಬುತ್ತಿರಲಿಲ್ಲ. ನೋಡಿಯೇ ಬಿಡೋಣ ಅಂತ ಬಂದವರು, ಬಂದದ್ದಕ್ಕಿರಲಿ ಅಂತ ಕುಡುಗೋಲನ್ನೋ ಈಳಿಗೆಯನ್ನೋ ಮಸೆಸಿಕೊಂಡು ಹೋಗುತ್ತಿದ್ದರು.

ಅವಳ ಹೆಸರು ಕಾಡವ್ವ. ತವರು ಸಿರಸಂಗಿ. ಅಪ್ಪ ಅಲ್ಲಿಯ ಕಮ್ಮಾರರ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದ. ಮಗಳು ಇದ್ದಿಲ ಬುಟ್ಟಿ ಹೊತ್ತುಕೊಂಡು ಹೋಗಿ, ಬಾಗಿಲ ಹೊರಗೇ ನಿಂತು, ಕಾದ ಕಬ್ಬಿಣದ ಬಣ್ಣಗಳನ್ನು ಗುರುತು ಹಿಡಿಯುವುದನ್ನು ಕಲಿತಳು. ಗಂಡ ನೀಲಪ್ಪ ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಗಾಲಿ ಹಿಡಿದು ಕಲಿತು ಬಂದವನು. ಇಬ್ಬರೂ ಸೇರಿ ಹೊಳೆಗೆ ಇಳಿಯುವ ದಾರಿಯ ಮೂಲೆಯಲ್ಲಿ ಸಾಣೆ ಹೂಡಿದರು. ಒಂದೇ ಅಚ್ಚಿಗೆ ಎರಡು ಗಾಲಿ: ಒಂದು ಒಣ ಗಾಲಿ, ಇನ್ನೊಂದು ನೀರಿನ ದೋಣಿಯೊಳಗೆ ಅರ್ಧ ಮುಳುಗಿದ ಕಲ್ಲಿನ ಗಾಲಿ. ನೀಲಪ್ಪ ಮಸೆಯುತ್ತಿದ್ದ, ಅವಳು ಎದುರು ಕೂತು ಚರ್ಮದ ಪಟ್ಟಿ ಎಳೆದು ಗಾಲಿ ತಿರುಗಿಸುತ್ತಿದ್ದಳು. ಹನ್ನೆರಡು ವರ್ಷ ಹಾಗೆ ಎಳೆದಳು. ಹನ್ನೆರಡು ವರ್ಷದ ಕಿಡಿಯೆಲ್ಲ ಅವಳ ಕಣ್ಣೆದುರಿಗೇ ಹಾರಿತು.

ಆಮೇಲೆ ನೀಲಪ್ಪನ ಕಣ್ಣಿಗೆ ಪೊರೆ ಬಂತು. ಒಂದು ದಿನ ಕ್ಷೌರದವರಲ್ಲಿ ಹಿರಿಯನಾದ ಹಡಪದ ಸಂಗಪ್ಪನ ಕತ್ತರಿಯ ಬಾಯಿಯನ್ನು ಕಾಣದೆ ಗಾಲಿಗೆ ತಿನಿಸಿಬಿಟ್ಟ. ಮರುದಿನ ಗಂಡ ಹೆಂಡತಿ ಜಾಗ ಬದಲಿಸಿ ಕೂತರು. ಅವನು ಪಟ್ಟಿ ಎಳೆದ, ಅವಳು ಹಿಡಿದಳು. ಏಳು ಅಂಗಡಿಯವರೂ ಎಂಟು ದಿನ ಬರಲಿಲ್ಲ. ಒಂಬತ್ತನೇ ದಿನ ಸಂಗಪ್ಪನೇ ಬಂದು ತನ್ನ ಹಳೆಯ ಕತ್ತರಿ ಇಟ್ಟ. ಸಂಜೆ ಒಯ್ದು ಒದ್ದೆ ಅರಿವೆಯ ಅಂಚು ಕತ್ತರಿಸಿ ನೋಡಿದ. ಅರಿವೆ ಜಗ್ಗದೆ ಮಡಚದೆ ನೀಟಾಗಿ ಹರಿಯಿತು. ಆಮೇಲೆ ಉಳಿದವರೂ ಬಂದರು.

ಬಂದರೂ ಕೈಗೆ ಕೊಡುತ್ತಿರಲಿಲ್ಲ. ಕಾಡವ್ವ ಊರ ಹೊರಗಿನ ಕೇರಿಯವಳು. ಸಾಣೆಯ ಪಕ್ಕದಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಕತ್ತರಿಯನ್ನು ಅದರ ಮೇಲೆ ಇಟ್ಟು ಸರಿಯುವರು, ಅವಳು ಎತ್ತಿಕೊಳ್ಳುವಳು. ಮಸೆದ ಮೇಲೆ ದೋಣಿಯ ನೀರಲ್ಲಿ ಅದ್ದಿ ಮತ್ತೆ ಕಲ್ಲಿನ ಮೇಲೆ ಇಡುವಳು. ಗಾಲಿಯ ಬೆಂಕಿ ಮುಟ್ಟಿದ್ದಕ್ಕೆ ಮೈಲಿಗೆ ಇಲ್ಲ ಅಂತ ಯಾರೋ ಹಿರಿಯರು ಎಂದೋ ತೀರ್ಮಾನಿಸಿದ್ದರಂತೆ. ಅವಳು ಆ ಕಲ್ಲನ್ನು ದಿನಾ ತೊಳೆಯುತ್ತಿದ್ದಳು. ಅದರ ಬಗ್ಗೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಉಕ್ಕಿನ ವಿಷಯದಲ್ಲಿ ಮಾತ್ರ ಅವಳ ಮಾತೇ ಕಡೆಯ ಮಾತು. ಹಸಿ ಕಬ್ಬಿಣ ಒಣ ಗಾಲಿಗೆ ತಾಗಿದರೆ ಕಿಡಿ ಮಾರುದ್ದದ ಗೆರೆಯಾಗಿ ಹೋಗುತ್ತದೆ, ತುದಿಯಲ್ಲಿ ಏನೂ ಇಲ್ಲ. ಲಾರಿಯ ಸ್ಪ್ರಿಂಗಿನ ಪಾಟಿಯದಾದರೆ ಗೆರೆ ನಡುವೆ ಕವಲೊಡೆಯುತ್ತದೆ. ಸಂಗಪ್ಪನ ಜರ್ಮನಿ ಕತ್ತರಿ ಹಿಡಿದರೆ ಗೆರೆಯ ತುದಿಯಲ್ಲೆಲ್ಲ ಹೂವು ಸಿಡಿಯುತ್ತವೆ, ಜೋಳದ ಅರಳು ಹಾರಿದ ಹಾಗೆ. ಕಿತ್ತೂರಿನ ಕಮ್ಮಾರರು ಮಾಡಿದ ಕತ್ತರಿಯಲ್ಲಿ ಎರಡೂ ಕಾಣುತ್ತವೆ: ಬೆನ್ನಿಗೆ ಬರೀ ಗೆರೆ, ಬಾಯಿಗೆ ಹೂವು, ಯಾಕೆಂದರೆ ಅವರು ಕಬ್ಬಿಣದ ಮೈಗೆ ಬೆರಳಗಲ ಉಕ್ಕಿನ ಪಟ್ಟಿ ಬೆಸೆಯುತ್ತಾರೆ. ಕಿತ್ತೂರಿನದು ಬೇಗ ಹರಿತವಾಗುತ್ತದೆ, ಬೇಗ ಮೊಂಡಾಗುತ್ತದೆ. ಜರ್ಮನಿಯದು ಎರಡು ತಿಂಗಳು ತಡೆಯುತ್ತದೆ, ಆದರೆ ಕೈ ಬೆವರಿಗೂ ತುಕ್ಕು ಹಿಡಿಯುತ್ತದೆ, ಕೊಬ್ಬರಿ ಎಣ್ಣೆ ಸವರದೆ ಮಲಗಿಸುವಂತಿಲ್ಲ. ಇಷ್ಟನ್ನು ಕಾಡವ್ವ ಒಂದು ಕಿಡಿ ನೋಡಿ ಹೇಳಿಬಿಡುವಳು. ತಪ್ಪಿದ್ದು ಯಾರಿಗೂ ಗೊತ್ತಿರಲಿಲ್ಲ, ಎಪ್ಪತ್ನಾಲ್ಕನೇ ಇಸವಿಯ ಮಹಾನವಮಿಯ ತನಕ.

ಆ ವರ್ಷ ಸಾಲಹಳ್ಳಿ ಕೇರಿಯ ತಾಯವ್ವನ ಮಗ ಬಾಳು ಮುಂಬಯಿಯಿಂದ ತಿರುಗಿ ಬಂದಿದ್ದ. ಹತ್ತು ವರ್ಷ ಅಲ್ಲಿಯ ಒಂದು ಸಲೂನಿನಲ್ಲಿ ಕೂದಲು ಕತ್ತರಿಸಿ ಕೈ ಪಳಗಿದವನು. ಅಲ್ಲಿಯೇ ಬುದ್ಧನ ದೀಕ್ಷೆ ತಗೊಂಡಿದ್ದ. ಬರುವಾಗ ಒಂದೇ ತರದ ಎರಡು ಕತ್ತರಿ ತಂದಿದ್ದ, ಸ್ಟೇನ್‌ಲೆಸ್ ಸ್ಟೀಲಿನವು, ಜಪಾನಿನವಂತೆ. ಊರಿಗೆ ಬಂದವನೇ ಸಾಣೆಗೆ ಬಂದು ಕುಕ್ಕರಗಾಲಲ್ಲಿ ಕೂತು ತೋರಿಸಿದ್ದ.

"ನೋಡ ಚಿಗವ್ವಾ, ಇದಕ್ಕ ತುಕ್ಕಿಲ್ಲ, ಎಣ್ಣಿ ಬ್ಯಾಡ. ವರ್ಷಾನಗಟ್ಟಲೆ ಸಾಣಿ ಮಾರಿ ನೋಡೂದಿಲ್ಲ ಇದು."

"ಹಂಗಾರ ನಾ ಏನ್ ಮಾಡಲಿ, ನಿನ್ನ ಕತ್ತರಿಗಿ ದೃಷ್ಟಿ ತಗೀಲೇನ?" ಅಂತ ಕಾಡವ್ವ ನಕ್ಕಿದ್ದಳು. ನಕ್ಕದ್ದು ಬಾಯಿ ಮಾತ್ರ. ಎಲ್ಲರೂ ಇಂಥದೇ ತಂದರೆ ತನ್ನ ಗಾಲಿಯ ಗತಿಯೇನು ಅನ್ನುವ ಒಂದು ಮುಳ್ಳು ಅಂದೇ ಒಳಗೆ ಮುರಿದುಕೊಂಡಿತು.

ಬಾಳು ಕೇಳಿದ್ದು ಒಂದೇ: ಕ್ಷೌರದ ಸಾಲಿನಲ್ಲಿ ತನಗೂ ಒಂದು ಖುರ್ಚಿ. ಅದು ಸುಮ್ಮನೆ ಸಿಗುವಂಥದಲ್ಲ. ಖಂಡೆ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಏಳೂ ಅಂಗಡಿಯವರು ತಮ್ಮ ಕತ್ತರಿ, ಗಡ್ಡ ಹೆರೆಯುವ ಬಾಳ್‌ಕತ್ತಿಗಳನ್ನು ಸಂಗಪ್ಪನ ಕಟ್ಟೆಯ ಮೇಲೆ ಒಂದೇ ಹಲಗೆಯಲ್ಲಿ ಸಾಲಾಗಿ ಇಟ್ಟು ಪೂಜಿಸುತ್ತಿದ್ದರು. ಯಾರ ಹತ್ಯಾರ ಆ ಸಾಲಿನಲ್ಲಿದೆಯೋ ಅವನಿಗೆ ಆ ವರ್ಷ ಆ ಓಣಿಯಲ್ಲಿ ಖುರ್ಚಿ ಹಾಕುವ ಹಕ್ಕು. ಯಾರೂ ಬರೆದಿಟ್ಟದ್ದಲ್ಲ, ಆದರೆ ಮೀರಿದವರೂ ಇಲ್ಲ. ಬಾಳು ತನ್ನ ಎರಡು ಕತ್ತರಿಗಳಲ್ಲಿ ಒಂದನ್ನು ಸಂಗಪ್ಪನಿಗೆ ಕಾಣಿಕೆಯಾಗಿ ಕೊಟ್ಟು, "ನಾ ಪೂಜಿ ಮಾಡಾಂವಲ್ರೀ ಕಾಕಾ. ಖರೆ ಸಾಲಿನ್ಯಾಗ ನನ್ನ ಕತ್ತರಿ ಇರಬೇಕು," ಅಂದ. ಸಂಗಪ್ಪ ಕತ್ತರಿಯನ್ನು ತೆಗೆದು ಮುಚ್ಚಿ ಮಾಡಿ, ಅದರ ಸಪ್ಪಳವನ್ನು ಕಿವಿಯ ಹತ್ತಿರ ಕೇಳಿ, "ಇಡೂಣು" ಅಂದ.

ಎರಡನೇ ಅಂಗಡಿಯ ಶಟ್ಟೆಪ್ಪನಿಗೆ ಇದು ಗಂಟಲಿಗೆ ಸಿಕ್ಕಿಕೊಂಡಿತು. ಕೇರಿಯವನ ಹತ್ಯಾರ ತನ್ನ ಹತ್ಯಾರದ ಪಕ್ಕದಲ್ಲೇ? ಆದರೆ ಹಿರಿಯ ಒಪ್ಪಿದ ಮೇಲೆ ನೇರ ಬೇಡ ಅನ್ನುವಂತಿರಲಿಲ್ಲ. ಪೂಜೆಯ ದಿನ ಮುಂಜಾನೆ ಅವನಿಗೊಂದು ದಾರಿ ಸಿಕ್ಕಿತು. ಭಾಂಡೆ ಅಂಗಡಿಯ ಗಂಗಯ್ಯ ತನ್ನ ಸ್ಟೀಲಿನ ತಾಟು ಬಟ್ಟಲುಗಳ ಮೇಲೆ ಚುಂಬಕ ಇಟ್ಟು, "ನೋಡ್ರಿ, ಹಿಡಿಯಂಗಿಲ್ಲ, ಅಸಲ್ ಸ್ಟೀಲ್" ಅಂತ ತೋರಿಸಿ ಮಾರುತ್ತಿದ್ದುದನ್ನು ಊರೆಲ್ಲ ಕಂಡಿತ್ತು. ಶಟ್ಟೆಪ್ಪ ಆ ಚುಂಬಕವನ್ನು ತರಿಸಿ ಬಾಳುವಿನ ಕಾಣಿಕೆಯ ಕತ್ತರಿಗೆ ಹಿಡಿದ. ಟಕ್ಕನೆ ಅಂಟಿಕೊಂಡಿತು.

"ಕಬ್ಬಿಣಕ್ಕ ನಿಕ್ಕಲ್ ಮೆತ್ತಿ ನಿಮ್ಮ ಕೊಳ್ಳಿಗಿ ಕಟ್ಟ್ಯಾನ್ರಿ ಅಣ್ಣಾ," ಅಂದ ಶಟ್ಟೆಪ್ಪ.

ಕೂದಲು ಕತ್ತರಿಸಿ ನೋಡಿದ್ದರೆ ಅಲ್ಲಿಗೇ ತೀರುತ್ತಿತ್ತು. ಆದರೆ ಖಂಡೆ ಪೂಜೆ ಆಗದ ಹೊಸ ಹತ್ಯಾರಕ್ಕೆ ಕೂದಲು ಮುಟ್ಟಿಸಬಾರದು ಅನ್ನುವುದು ಅವರ ಕಟ್ಟಳೆ. ಬಾಳು ತನ್ನದೇ ಕತ್ತರಿಯಿಂದ ಕತ್ತರಿಸಿ ತೋರಿಸಲು ಹೋದರೆ, "ಅಸಲ್ ನೀ ಇಟಗೊಂಡಿ, ನಕಲಿ ನಮಗ ಕೊಟ್ಟಿ" ಅಂದರು. ಕಡೆಗೆ ಸಂಗಪ್ಪ, "ಕಾಡವ್ವನ ಗಾಲಿಗಿ ಹಿಡಸೂಣು. ಆಕಿ ಏನಂತಾಳ ಅದ ಮಾತು" ಅಂದ. ಎಲ್ಲರೂ ಸಾಣೆಯ ಕಡೆ ಹೊರಟರು. ದಾರಿಯಲ್ಲಿ ಜನ ಸೇರಿಕೊಂಡರು.

ಕಾಡವ್ವನ ಕಲ್ಲಿನ ಮೇಲೆ ಆಗ ಹಬ್ಬದ ಕೆಲಸ ರಾಶಿ ಬಿದ್ದಿತ್ತು. ಸಂಗಪ್ಪ ಅದನ್ನು ಬದಿಗೆ ಸರಿಸಿ ಹೊಸ ಕತ್ತರಿ ಇಟ್ಟ.

"ಉಕ್ಕೋ ಕಬ್ಬಿಣೋ, ಒಂದ ಮಾತು ಹೇಳು."

ಕಾಡವ್ವ ಬಾಳುವಿನ ಮುಖ ನೋಡಿದಳು. ಅವನು ಹೆದರಿರಲಿಲ್ಲ. ಸಾಣೆಯ ಮಾತು ಬರುವ ತನಕ ತಡೆದರಾಯಿತು, ಬಂದ ಮೇಲೆ ಎಲ್ಲ ಸರಿಹೋಗುತ್ತದೆ ಅನ್ನುವಂತೆ ಕೈಕಟ್ಟಿ ನಿಂತಿದ್ದ. ಅವಳು ಕತ್ತರಿಯ ಬುಡವನ್ನು, ಬಾಯಿಗೆ ಧಕ್ಕೆಯಾಗದ ಹಾಗೆ, ಒಣ ಗಾಲಿಗೆ ತಾಗಿಸಿದಳು.

ಹೂವು ಬರಲಿಲ್ಲ.

ಇನ್ನೊಮ್ಮೆ ತಾಗಿಸಿದಳು. ಕೆಂಪಗೆ ಒಂದಿಷ್ಟು ಕಿಡಿ ಉದುರಿತು, ಆರಿತು. ಹೂವಿಲ್ಲ, ಕವಲಿಲ್ಲ. ಸುತ್ತ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಬಾಗಿದ್ದರು. ಅವಳ ಎದೆಯಲ್ಲಿ ಒಂದು ಗಳಿಗೆ ಏನೋ ತಡವರಿಸಿತು. ಅಷ್ಟರಲ್ಲಿ ಆ ಮುರಿದ ಮುಳ್ಳೂ ಚುಚ್ಚಿತು: ಸಾಣಿ ಮಾರಿ ನೋಡೂದಿಲ್ಲ ಇದು. ಬಾಯಿ ತಾನಾಗಿ ತೆರೆಯಿತು.

"ಹೂ ಇಲ್ರಿ ಅಣ್ಣಾರ. ಕಬ್ಬಿಣ."

ಬಾಳು ಕೈ ಬಿಚ್ಚಿದ. "ಚಿಗವ್ವಾ," ಅಂದ, ಅಷ್ಟೇ. ಶಟ್ಟೆಪ್ಪ ಅಂಗೈ ತಟ್ಟಿ ನಕ್ಕು, ಕಲ್ಲಿನ ಮೇಲಿದ್ದ ಕತ್ತರಿಯನ್ನು ದೋಣಿಯ ನೀರಿಗೆ ಎಸೆದ. "ಅಲ್ಲೇ ಕೊಳೀಲಿ ಮುಂಬೈ ಮಾಲು! ಸಾಲಿನ್ಯಾಗ ಖುರ್ಚಿ ಬೇಕಂತ ಇವಂಗ!" ಸಂಗಪ್ಪ ಮಾತ್ರ ಯಾರ ಮುಖವನ್ನೂ ನೋಡದೆ ತಿರುಗಿ ನಡೆದ. ಹಿರಿಯನಾಗಿ ಕೊಟ್ಟ ಮಾತು ಹೀಗೆ ನಡುಬೀದಿಯಲ್ಲಿ ಬಿದ್ದದ್ದು ಅವನಿಗೆ ಅದೇ ಮೊದಲು.

ಬಾಳು ಊರು ಬಿಟ್ಟು ಹೋಗಲಿಲ್ಲ. ಸಂಗಪ್ಪನ ಅಂಗಡಿಯ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತ. ತನ್ನ ಕತ್ತರಿಯನ್ನು ಅರಿವೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಎದ್ದೇಳು ಅಂದವರಿಗೆ, "ಪೂಜಿ ಆಗೂತನಾ ಕುಂದರತೇನಿ. ಕಟ್ಟಿ ಊರಂದು," ಅಂದ. ಪೂಜೆ ನಾಲ್ಕು ಗಂಟೆಗೆ. ಅಷ್ಟರಲ್ಲಿ ಇವನು ಏಳದಿದ್ದರೆ ಎತ್ತಿ ಒಗೆಯುತ್ತೇವೆ ಅಂತ ಶಟ್ಟೆಪ್ಪನ ಕಡೆಯವರು ತೋಳೇರಿಸಿ ನಿಂತಿದ್ದಾರೆ ಅನ್ನುವ ಸುದ್ದಿ ಸಾಣೆಯ ತನಕ ಬಂತು.

ಮಧ್ಯಾಹ್ನ ಕಾಡವ್ವ ರೊಟ್ಟಿಯ ಗಂಟು ಬಿಚ್ಚಿದಳು. ನೀಲಪ್ಪ ರೊಟ್ಟಿ ಮುರಿಯಲಿಲ್ಲ. ಕಾಣದ ಕಣ್ಣನ್ನು ಗಾಲಿಯ ಕಡೆಗೇ ಇಟ್ಟು ಕೇಳಿದ:

"ಕಿಡಿ ಹೆಂಗಿದ್ದೂ?"

"ಹೇಳೀನಲ್ಲ. ಹೂ ಇರಲಿಲ್ಲ."

"ಹೂ ಬಿಡು. ಗೆರಿ ಎಷ್ಟುದ್ದ ಇತ್ತು?"

ಅವಳು ಉತ್ತರಿಸಲು ಹೋಗಿ ನಿಂತಳು. ಕೈಯಲ್ಲಿದ್ದ ಉಳ್ಳಾಗಡ್ಡಿ ಕೈಯಲ್ಲೇ ಉಳಿಯಿತು. ಗೆರೆ... ಗೆರೆ ಗೇಣುದ್ದವೂ ಇರಲಿಲ್ಲ. ಕೆಂಪಗೆ, ಗಿಡ್ಡಗೆ ಉದುರಿ ಹೋಗಿತ್ತು.

"ಗಿಡ್ಡ ಇತ್ತು," ಅಂದಳು.

"ಕಬ್ಬಿಣದ ಗೆರಿ ಗಿಡ್ಡ ಇರತೈತೇನ?"

ಅವಳು ಉಳ್ಳಾಗಡ್ಡಿ ಕೆಳಗಿಟ್ಟಳು. ನೀಲಪ್ಪನೇ ಮುಂದುವರಿಸಿದ. "ಕಬ್ಬಿಣ ಹಿಡದರ ಗಾಲಿ ಕಚ್ಚತೈತಿ, ಪಟ್ಟಿ ನನ್ನ ರಟ್ಟಿ ಜಗ್ಗತೈತಿ. ಇವತ್ತ ಜಗ್ಗಲಿಲ್ಲ. ಗಾಲಿ ಜಾರಿ ಜಾರಿ ಹೋತು."

"ಮತ್ತ ಆವಾಗ ಯಾಕ ಬಾಯಿ ಬಿಡಲಿಲ್ಲೋ ಮಾರಾಯಾ?"

"ನಿನ್ನ ಮಾತು ಮುಗದಿತ್ತು. ಮಂದಿ ಮುಂದ ನಿನ್ನ ಮಾತು ಮುರಿಯಾಂವ ನಾನಾ ಆಗಲೇನ?"

ಕಾಡವ್ವ ಎದ್ದು ದೋಣಿಯೊಳಗೆ ಕೈ ಹಾಕಿದಳು. ಮುಂಜಾನೆ ಕಲ್ಲಿನ ಮೇಲಿನ ರಾಶಿಯಿಂದ ಜಾರಿ ಅದೇ ನೀರಿಗೆ ಒಂದು ಹಳೆಯ ಬಾಳ್‌ಕತ್ತಿಯೂ ಬಿದ್ದಿತ್ತು. ಬಾಳ್‌ಕತ್ತಿಯ ಮೈಮೇಲೆ ಆಗಲೇ ಕಂದು ಪೊರೆ ಎದ್ದಿತ್ತು, ಬೆರಳಿಗೆ ಹತ್ತಿತು. ಕತ್ತರಿ ಹಾಕಿದ್ದು ಹಾಕಿದ ಹಾಗೇ ಇತ್ತು. ಗಾಲಿ ತಿಂದ ಬುಡದಲ್ಲೂ, ಮೆತ್ತಿದ ನಿಕ್ಕಲ್ ಇದ್ದರೆ ಕಿತ್ತು ಹೋಗಿರಬೇಕಾದ ಜಾಗದಲ್ಲೂ, ಒಂದು ಚುಕ್ಕೆ ತುಕ್ಕಿರಲಿಲ್ಲ.

ಇನ್ನೊಂದು ಉಳಿದಿತ್ತು. ಸಿರಸಂಗಿಯ ಕುಲುಮೆಯಲ್ಲಿ ಕಂಡದ್ದು. ಬಿಸಿ ಆರಿದ ಹತ್ಯಾರದ ಮೇಲೆ ಕಮ್ಮಾರರು ಮೊದಲು ಅರ ಎಳೆದು ನೋಡುತ್ತಿದ್ದರು. ಅರ ಕಚ್ಚಿ ಪುಡಿ ಉದುರಿದರೆ ಮೆತ್ತನೆಯದು. ಜಾರಿ ಹೋದರೆ ನೀರು ಕುಡಿದು ಗಟ್ಟಿಯಾದ ಉಕ್ಕು. ಅವಳು ಪೆಟ್ಟಿಗೆಯಿಂದ ಅರ ತೆಗೆದು, ಗಾಲಿ ತಿಂದ ಜಾಗದಲ್ಲೇ ಒತ್ತಿ ಎಳೆದಳು.

ಅರ ಗಾಜಿನ ಮೇಲೆ ಹೋದಂತೆ ಕೀರ್ ಅಂತ ಜಾರಿತು.

ಇನ್ನೂ ಒತ್ತಿ ಎಳೆದಳು. ಜಾರಿತು. ಇದು ಉಕ್ಕು. ತಾನು ಕಂಡರಿಯದ, ಹೂವು ಬಿಡದ ಉಕ್ಕು.

"ಏನ್ ಮಾಡತಿ?" ನೀಲಪ್ಪ ಕೇಳಿದ. ಅರದ ಸಪ್ಪಳ ಅವನಿಗೂ ತಿಳಿದಿತ್ತು.

"ಹೋಗಿ ಹೇಳತೇನಿ."

"ಶಟ್ಟೆಪ್ಪ ಬೈಲಹೊಂಗಲದಾಗ ಕರೆಂಟಿನ ಸಾಣಿ ಬಂದೈತಿ ಅಂತ ಒಂದೂವರಿ ತಿಂಗಳಿಂದ ಹಾಡಾಕ ಹತ್ಯಾನ. ನಿನ್ನ ಕಿಡಿ ಸುಳ್ಳ ಅಂತ ನಿನ್ನ ಬಾಯಲೆ ಬಂದರ, ನಾಳಿಂದ ಈ ಕಲ್ಲಿನ ಮ್ಯಾಲ ಒಂದ ಕತ್ತರಿ ಬೀಳೂದಿಲ್ಲ."

"ಗೊತ್ತೈತಿ."

"ಹೇಳಲಿಲ್ಲಂದರ ಯಾರಿಗೂ ತಿಳಿಯೂದಿಲ್ಲ."

ಅದೂ ನಿಜವೇ. ಅವನು ಹಾಗೆ ಮಾಡು ಅಂತ ಹೇಳಿದ್ದಲ್ಲ, ಇರುವುದನ್ನು ಇರುವ ಹಾಗೆ ಹೇಳಿದ. ಕಾಡವ್ವ ಕತ್ತರಿಯನ್ನು ಸೆರಗಿನಿಂದ ಒರೆಸಿದಳು. ಹೂವು ಕಾಣದೆ ಮೋಸಹೋದದ್ದು ಕಣ್ಣು, ಅದಕ್ಕೆ ಕ್ಷಮೆ ಇರಬಹುದು. ಆದರೆ ಆ ಒಂದು ಗಳಿಗೆ ತಡವರಿಸಿದಾಗ ಇನ್ನೊಮ್ಮೆ ನೋಡೋಣ ಅನ್ನದೆ ಬಾಯಿ ಮುಂದೆ ಹೋದದ್ದು ಯಾಕೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಕಣ್ಣಿನ ತಪ್ಪಾಗಿರಲಿಲ್ಲ.

"ನೀ ಉಣ್ಣು," ಅಂದಳು. ಕತ್ತರಿ, ಅರ, ಒಂದು ಎತ್ತಿನ ಲಾಳದ ಮೊಳೆ ತಗೊಂಡು ನಡೆದಳು.

ಸಾಣೆಯಿಂದ ಸಂಗಪ್ಪನ ಕಟ್ಟೆಗೆ ನೂರಿಪ್ಪತ್ತು ಹೆಜ್ಜೆ. ಆ ದಿನ ಅದು ಮುಗಿಯಲೇ ಇಲ್ಲ. ಕಟ್ಟೆಯ ಮೇಲೆ ಹಲಗೆ ತೊಳೆದು ಹಾಸಿತ್ತು. ಏಳು ಜೋಡಿ ಕತ್ತರಿ, ಬಾಳ್‌ಕತ್ತಿ, ಹಣಿಗೆಗಳು ಸಾಲಾಗಿ ಮಲಗಿದ್ದವು. ಸಂಗಪ್ಪ ವಿಭೂತಿ ಕಲಸುತ್ತಿದ್ದ. ಜಂಗಮನಾದ ಗಂಗಯ್ಯ ಮಂತ್ರ ಹೇಳಲು ಬಂದು ಕಂಬಕ್ಕೊರಗಿ ಕೂತಿದ್ದ. ಎದುರಿಗೆ ಬೇವಿನ ಕಟ್ಟೆಯ ಸುತ್ತ ನಾಲ್ಕೈದು ಮಂದಿ ನಿಂತಿದ್ದರು. ನಡುವೆ ಬಾಳು, ತೊಡೆಯ ಮೇಲೆ ಅರಿವೆಯ ಗಂಟು. ಒಬ್ಬನ ಕೈ ಆಗಲೇ ಅವನ ರಟ್ಟೆಯ ಮೇಲಿತ್ತು.

ಕಾಡವ್ವ ಮೆಟ್ಟಿಲ ಕೆಳಗೆ ನಿಂತಳು.

"ಅಣ್ಣಾರ, ನಾ ತಪ್ಪ ಹೇಳೀನ್ರಿ. ಇದು ಉಕ್ಕು."

ಶಟ್ಟೆಪ್ಪ ಬೇವಿನ ಕಟ್ಟೆ ಬಿಟ್ಟು ಬಂದ.

"ಮುಂಜಾನಿ ಕಬ್ಬಿಣ, ಮಧ್ಯಾಹ್ನ ಉಕ್ಕು. ಸಂಜಿಗಿ ಬಂಗಾರ ಆಗತೈತೇನಬೇ ಕಾಡವ್ವಾ?"

ಜನ ನಕ್ಕರು. ಅವನು ಬಿಡಲಿಲ್ಲ. "ಕೇರಿ ಹುಡುಗ ಅಂತ ಕರಳು ಚುರ್ ಅಂದೈತಿ. ಮಾತು ತಿರುವಾಕ ಬಂದಾಳ."

"ಕೇರ್‍ಯಾಂವ ಅಂತ ತಿರುವೂದಿದ್ದರ ಮುಂಜಾನೇನ ತಿರುವತಿದ್ದೆ," ಅಂದಳು ಕಾಡವ್ವ. "ಇಂಥಾ ಉಕ್ಕು ನಾ ಕಂಡಿಲ್ಲ. ಕಾಣದ್ದನ್ನ ಕಂಡಿಲ್ಲ ಅನ್ನಬೇಕಾಗಿತ್ತು. ಅನ್ನಲಿಲ್ಲ. ಇದು ಬಂದರ ನನ್ನ ಗಾಲಿ ನಿಲ್ಲತೈತಿ ಅಂತ ಹೊಟ್ಟ್ಯಾಗ ಇತ್ತು, ಅದ ಬಾಯಾಗ ಬಂತು. ನನ್ನ ಮಾತು ನಂಬಬ್ಯಾಡ್ರಿ. ನಿಮ್ಮ ಕೈಲೆ ನೋಡ್ರಿ."

ಅವಳು ಅರವನ್ನು ಮುಂದೆ ಚಾಚಿದಳು. ಸಂಗಪ್ಪ ಎದ್ದು ಎರಡು ಮೆಟ್ಟಿಲು ಇಳಿದು ಬಂದು ಅವಳ ಕೈಯಿಂದ ಅರ ತಗೊಂಡ. ನಡುವೆ ಕಲ್ಲಿರಲಿಲ್ಲ. ಅದು ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ. ಕಾಡವ್ವನ ಗಮನಕ್ಕೆ ಬಂತು.

"ಮದಲ ಮೊಳಿ ಮ್ಯಾಲ ಎಳೀರಿ."

ಎಳೆದ. ಅರ ಕರಕರ ಕಚ್ಚಿತು, ಕಬ್ಬಿಣದ ಪುಡಿ ಮೆಟ್ಟಿಲ ಮೇಲೆ ಉದುರಿತು.

"ಈಗ ನಿಮ್ಮ ಜರ್ಮನಿ ಕತ್ತರಿ ಬುಡಕ್ಕ."

ಸಂಗಪ್ಪ ಹಲಗೆಯಿಂದ ತನ್ನ ಕತ್ತರಿ ತೆಗೆದ. ಅರ ಸ್ವಲ್ಪ ತಡೆದು ಜಾರಿತು. ಆಮೇಲೆ ಹೊಸದರ ಮೇಲೆ ಎಳೆದ. ಕೀರ್ ಅಂತು. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದ. ಗೆರೆ ಕೂಡ ಬೀಳಲಿಲ್ಲ. ಬಿಸಿಲಿಗೆ ಹಿಡಿದು ನೋಡಿದ.

"ಜರ್ಮನಿಗಿಂತ ಗಟ್ಟಿ ಐತಿ," ಅಂದ, ತನಗೆ ತಾನೇ ಅನ್ನುವಂತೆ.

"ಮತ್ತ ಚುಂಬಕ?" ಶಟ್ಟೆಪ್ಪ ಕೂಗಿದ. "ಅಸಲ್ ಸ್ಟೀಲ್ ಆದರ ಚುಂಬಕ ಯಾಕ ಹಿಡೀತು? ಹೇಳಲಿ ಆಕಿ!"

ಕಾಡವ್ವ ತಲೆ ಅಲ್ಲಾಡಿಸಿದಳು. "ನನಗ ಗೊತ್ತಿಲ್ರಿ."

ಎಲ್ಲವೂ ಅಲ್ಲಿಯೇ ನಿಂತಿತು. ಸಂಗಪ್ಪನ ಕೈ ಇಳಿಯಿತು. ಜನ ಮತ್ತೆ ಗುಜುಗುಜು ಶುರುಮಾಡಿದರು. ಆಗ ಬೇವಿನ ಕಟ್ಟೆಯಿಂದ ಬಾಳುವಿನ ದನಿ ಬಂತು. ರಟ್ಟೆ ಹಿಡಿದವನನ್ನು ಕೊಡವಿಕೊಂಡು ಎದ್ದು ನಿಂತಿದ್ದ.

"ಗಂಗಯ್ಯನಾರ, ನಿಮ್ಮ ಅಂಗಡ್ಯಾಗ ಸ್ಟೀಲಿನ ಚಾಕು ಅದಾವಲ್ರಿ, ಕಟಗಿ ಹಿಡಿಕಿದು. ಅಸಲ್ ಹೌದಲ್ರಿ?"

"ಅಸಲ್ ಅಲ್ಲದ್ದು ನಾ ಯಾಕ ಇಡಲಿ?" ಗಂಗಯ್ಯ ಸೆಟೆದು ಕೂತ. "ಮೂರು ವರ್ಷ ಆತು ಅಂಗಡಿ ತೆರದು, ಒಂದಕ್ಕ ತುಕ್ಕ ಬಂದದ್ದ ತೋರಸಲಿ."

"ಅದಕ್ಕ ಚುಂಬಕ ಹಿಡದ ನೋಡೀರೇನ್ರಿ?"

ಗಂಗಯ್ಯ ತಾಟಿಗೆ ಹಿಡಿದಿದ್ದ, ಬಟ್ಟಲಿಗೆ ಹಿಡಿದಿದ್ದ, ಚಾಕುವಿಗೆ ಹಿಡಿಯುವುದು ಅವನಿಗೆ ಎಂದೂ ಹೊಳೆದಿರಲಿಲ್ಲ. ನಾಲ್ಕು ಅಂಗಡಿ ಆಚೆಯಿಂದ ಚಾಕು ತರಿಸಿದರು. ಗಂಗಯ್ಯನೇ ತನ್ನ ಕೈಯಾರೆ ಚುಂಬಕ ಹಿಡಿದ. ಟಕ್ಕನೆ ಅಂಟಿತು. ಗಂಗಯ್ಯ ಅದನ್ನು ಕಿತ್ತು, ಮತ್ತೆ ಹಿಡಿದು, ಮತ್ತೆ ಕಿತ್ತು, ಸುತ್ತಲಿನವರನ್ನು ಕಳವಳದಿಂದ ನೋಡಿದ.

"ಭಾಂಡೆ ಸ್ಟೀಲಿಗಿ ನಿಕ್ಕಲ್ ಬೆರಸತಾರ, ಅದನ್ನ ಚುಂಬಕ ಹಿಡಿಯಂಗಿಲ್ಲ. ಕೊಯ್ಯೂ ಸ್ಟೀಲಿಗಿ ಬೆರಸೂದಿಲ್ಲ, ಬೆರಸಿದರ ಗಟ್ಟಿ ಆಗೂದಿಲ್ಲ," ಅಂದ ಬಾಳು. "ನನ್ನ ಉಸ್ತಾದ ಹೇಳತಿದ್ದ. ಮುಂಜಾನಿ ಇದನ್ನ ಹೇಳಾಕ ಬಂದರ ನೀವ ಬಾಯಿ ಬಿಡಗೊಡಲಿಲ್ಲ."

ಸಂಗಪ್ಪ ಕಾಣಿಕೆಯ ಕತ್ತರಿಯನ್ನು ತನ್ನ ಜೋಡಿಯ ಪಕ್ಕದಲ್ಲಿ ಇಟ್ಟ. ಆಮೇಲೆ ಹಲಗೆಯ ತುದಿಯಲ್ಲಿದ್ದ ತನ್ನ ಬಾಳ್‌ಕತ್ತಿಯನ್ನು ಸರಿಸಿ ನಾಲ್ಕು ಬೆರಳಗಲ ಜಾಗ ಮಾಡಿದ.

"ಬಾ. ನಿನ್ನ ಕತ್ತರಿ ನೀನ ಇಡು."

ಬಾಳು ಮೆಟ್ಟಿಲು ಹತ್ತಿದ. ಅರಿವೆ ಬಿಚ್ಚುವಾಗ ಅವನ ಬೆರಳುಗಳು ಗಂಟಿನಲ್ಲಿ ಸಿಕ್ಕಿಕೊಂಡವು. ಅವನು ಇಟ್ಟ ಸಪ್ಪಳ ಆರುವುದರೊಳಗೆ ಶಟ್ಟೆಪ್ಪ ಬಂದು ತನ್ನ ಜೋಡಿಯನ್ನು ಹಲಗೆಯಿಂದ ಎತ್ತಿಕೊಂಡ.

"ಹಂಗಾರ ನನ್ನ ಹತ್ಯಾರ ಈ ಸಾಲಿನ್ಯಾಗ ಇಲ್ಲ."

"ನಿನ್ನ ಖುಷಿ," ಅಂದ ಸಂಗಪ್ಪ. ಅವನ ದನಿ ಏರಲಿಲ್ಲ. ಇನ್ನಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಲೆ ತಗ್ಗಿಸಿ, ತಮ್ಮವನ್ನೂ ಎತ್ತಿಕೊಂಡು ಇಳಿದರು. ಹಲಗೆಯಲ್ಲಿ ಹಲ್ಲು ಉದುರಿದಂತೆ ಜಾಗ ಖಾಲಿ ಕಂಡಿತು. ಗಂಗಯ್ಯ ಗಂಟಲು ಸರಿಮಾಡಿಕೊಂಡು, "ಹೊತ್ತಾತು" ಅಂದ. ಪೂಜೆ ನಡೆಯಿತು. ಬಾಳು ಕೈ ಮುಗಿಯಲಿಲ್ಲ, ಪಕ್ಕದಲ್ಲಿ ನಿಂತಿದ್ದ. ಕಾಡವ್ವ ಅರ, ಮೊಳೆ ಎತ್ತಿಕೊಂಡು ಸಾಣೆಗೆ ತಿರುಗಿದಳು. ನೀಲಪ್ಪ ಅವಳ ಪಾಲಿನ ರೊಟ್ಟಿಯನ್ನು ಮುಚ್ಚಿಟ್ಟಿದ್ದ.

ಮರುದಿನ ಹಲಗೆಯ ಮೇಲಿನ ಹತ್ಯಾರಗಳನ್ನು ಎತ್ತಿದಾಗ, ಒದ್ದೆ ಕುಂಕುಮ ವಿಭೂತಿ ಕೂತಿದ್ದ ಕಡೆಯೆಲ್ಲ ಕೆಂಪು ತುಕ್ಕಿನ ಚುಕ್ಕೆಗಳಿದ್ದವು. ಪ್ರತಿ ವರ್ಷವೂ ಇರುತ್ತಿದ್ದವು. ಅವನ್ನು ತೆಗೆಯುವುದೇ ಕಾಡವ್ವನಿಗೆ ಹಬ್ಬದ ಮರುವಾರದ ಕೆಲಸ. ಬಾಳುವಿನ ಕತ್ತರಿಯ ಮೇಲಿನ ಕುಂಕುಮ ಒರೆಸಿದರೆ ಹೋಯಿತು. ಆ ವಾರ ಅವಳ ಕಲ್ಲಿನ ಮೇಲೆ ನಾಲ್ಕು ಅಂಗಡಿಯ ಹತ್ಯಾರಗಳು ಬಂದವು. ಸಾಲು ಬಿಟ್ಟ ಮೂವರು ಬೇರೆ ಓಣಿಗೆ ಖುರ್ಚಿ ಒಯ್ದರು, ಅವರ ಹತ್ಯಾರಗಳು ಬೈಲಹೊಂಗಲದ ಮೋಟಾರು ಹತ್ತಿದವು, ಮತ್ತೆ ಬರಲಿಲ್ಲ. ಆ ವರ್ಷ ಅವಳು ಹೊಲದವರ ಕುಡುಗೋಲು ಕೊಡಲಿಗಳನ್ನು ಹೆಚ್ಚು ಹಿಡಿದಳು, ವಾರಕ್ಕೊಮ್ಮೆ ಸವದತ್ತಿ ಸಂತೆಗೂ ಗಾಲಿ ಹೊತ್ತೊಯ್ದಳು. ಕಷ್ಟವೇ ಆಯಿತು. ಆದರೆ ಪೂಜೆಯ ದಿನದ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ನೀಲಪ್ಪನೂ ಎತ್ತಲಿಲ್ಲ.

ಬಾಳುವಿನ ಖುರ್ಚಿ ಓಣಿಯ ತುದಿಯಲ್ಲಿ, ತಗಡಿನ ಮಾಡಿನ ಕೆಳಗೆ ಬಿತ್ತು. ಅಲ್ಲಿ ಕೂರುವವರ ಕೇರಿ ಯಾವುದು ಅಂತ ಅವನು ಕೇಳುತ್ತಿರಲಿಲ್ಲ. ಮೊದಲ ತಿಂಗಳು ಬರೀ ಕೇರಿಯವರು ಬಂದರು. ಆಮೇಲೆ ಹೈಸ್ಕೂಲಿನ ಮಾಸ್ತರರು ಬಂದರು, ಆಮೇಲೆ ಯಾರು ಬಂದರು ಯಾರು ಬರಲಿಲ್ಲ ಅಂತ ಎಣಿಸುವುದನ್ನು ಓಣಿಯವರು ಬಿಟ್ಟರು.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಬಾಳು ಸಾಣೆಗೆ ಬಂದ. ಕತ್ತರಿಯನ್ನು ಕಲ್ಲಿನ ಮೇಲೆ ಇಡದೆ ಕಾಡವ್ವನ ಕೈಗೆ ಕೊಟ್ಟ.

"ಚಿಗವ್ವಾ, ಕೂದಲಾ ಮಡಚಾಕ ಹತ್ತೇತಿ."

"ವರ್ಷಾನಗಟ್ಟಲೆ ಸಾಣಿ ಮಾರಿ ನೋಡೂದಿಲ್ಲ ಅಂದಿದ್ದೆಲ್ಲೋ?"

"ವರ್ಷ ಆತಲ್ಲ. ಮ್ಯಾಲ ಎರಡ ತಿಂಗಳ ಬಡ್ಡಿನೂ ಆತು."

ಅವಳು ನಕ್ಕಳು. ಈ ಸಲ ಬರೀ ಬಾಯಿ ನಕ್ಕದ್ದಲ್ಲ. ಇದರ ಬಾಯಿ ಗಟ್ಟಿ, ಜರ್ಮನಿಯದಕ್ಕಿಂತ ಮೂರು ಪಾಲು ಹೊತ್ತು ಬೇಕು, ನೀರಿನ ಗಾಲಿಯಲ್ಲೇ ಮಸೆಯಬೇಕು, ಬಿಸಿಯಾದರೆ ಸತ್ತು ಹೋಗುತ್ತದೆ. ಇದೆಲ್ಲ ಅವಳಿಗೆ ಆಮೇಲೆ ನಿಧಾನಕ್ಕೆ ತಿಳಿಯಿತು. ಅವತ್ತು ಮೊದಲು ಬುಡವನ್ನು ಒಣ ಗಾಲಿಗೆ ಒಂದೇ ಒಂದು ಗಳಿಗೆ ತಾಗಿಸಿದಳು. ನೀಲಪ್ಪ ಪಟ್ಟಿಯನ್ನು ನಿಧಾನ ಎಳೆದ.

"ಹೆಂಗೈತಿ?" ಅಂದ.

"ಕೆಂಪಗ. ಗಿಡ್ಡ. ಹೂ ಇಲ್ಲ."

"ಹಾಂ," ಅಂದ ನೀಲಪ್ಪ. "ಗಾಲಿ ಜಾರತೈತಿ. ಅದ ಅದು."

ಅವಳು ಕತ್ತರಿಯನ್ನು ನೀರಿನ ಗಾಲಿಗೆ ತಿರುಗಿಸಿ ಹಿಡಿದಳು.